ಅಂಕ ನೋಡುವ ಮುಂಚೆ ಷರತ್ತು ನೋಡಿ: ಗೇಮ್ ರಿವ್ಯೂ ನಂಬುವುದು ಹೇಗೆ, ಎಷ್ಟು

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಪಿಯುಸಿ ಓದುತ್ತಿದ್ದಾನೆ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಅಂತ ಅಜ್ಜಿ, ದೊಡ್ಡಪ್ಪ ಕೊಟ್ಟಿದ್ದನ್ನೆಲ್ಲ ಕೂಡಿಟ್ಟು ನಾಲ್ಕು ಸಾವಿರ ರೂಪಾಯಿ ಮಾಡಿಕೊಂಡಿದ್ದ. ಅಷ್ಟೂ ಒಂದೇ ಗೇಮಿಗೆ ಹೋಗುವುದಿತ್ತು. "ಮಾವ, ಮೂರು ಜನ ರಿವ್ಯೂ ಮಾಡಿದ್ದಾರೆ, ಮೂರೂ ಜನ ಸೂಪರ್ ಅಂದಿದ್ದಾರೆ. ತಗೊಳ್ಲಾ?" ಎಂದ.

ಮೂರನ್ನೂ ಒಟ್ಟಿಗೆ ಕೂತು ನೋಡಿದೆವು. ಮೊದಲನೆಯದರಲ್ಲಿ ಮಳೆ ಸುರಿಯುತ್ತಿರುವ ಸೇತುವೆಯ ಮೇಲೆ ಒಂದು ಕಾದಾಟ. ಎರಡನೆಯದರಲ್ಲೂ ಅದೇ ಸೇತುವೆ, ಅದೇ ಮಳೆ. ಮೂರನೆಯದು ಶುರುವಾದಾಗ ಅವನೇ ಹೇಳಿದ, "ಮಾವ, ಇದೂ ಅದೇ ಸೇತುವೆ." ಮೂವರು ಮೂರು ಕಡೆ ಕೂತು ತಾವೇ ಆಡಿದ್ದರೆ ಒಬ್ಬ ಮೊದಲ ಏಟಿಗೇ ಸಾಯುತ್ತಿದ್ದ, ಇನ್ನೊಬ್ಬ ದಾರಿ ತಪ್ಪಿ ಗೋಡೆಗೆ ಗುದ್ದುತ್ತಿದ್ದ. ಇಲ್ಲಿ ಮೂರರಲ್ಲೂ ಕತ್ತಿ ಬೀಸುವ ಕ್ಷಣ ಕೂಡ ಒಂದೇ. ಕಂಪನಿ ಕಳಿಸಿಕೊಟ್ಟ ದೃಶ್ಯಗಳ ಮೇಲೆ ಮೂವರೂ ತಮ್ಮ ದನಿ ಕೂಡಿಸಿದ್ದರು. ಒಂದರ ಡಿಸ್ಕ್ರಿಪ್ಷನ್ ಬಿಡಿಸಿ ಕೆಳಗೆ ಹೋದರೆ, ಇನ್‌ಸ್ಟಾಗ್ರಾಮ್ ಲಿಂಕು, ಮೈಕಿನ ಲಿಂಕು, ಕುರ್ಚಿಯ ಲಿಂಕು ಎಲ್ಲ ದಾಟಿದ ಮೇಲೆ ಒಂದು ಸಾಲಿನಲ್ಲಿ ಪ್ರಾಯೋಜಕರಿಗೆ ವಂದನೆ ಇತ್ತು.

ನಾನೂ ಕೆಲವು ವರ್ಷ ಗೇಮ್ ರಿವ್ಯೂ ಬರೆದವನು. ಆ ಕಡೆಯಿಂದ ಈ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ಗೊತ್ತು. ಅವತ್ತು ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯದು: ಪುಟ ಯಾರ ಅನ್ನ ತಿನ್ನುತ್ತಿದೆ ನೋಡಿ

ರಿವ್ಯೂ ಓದುವ ಮುಂಚೆ ಅದರ ಸುತ್ತ ಇರುವ ಜಾಹೀರಾತು ನೋಡಿ. ಗೇಮ್ ಬಗ್ಗೆ ಬರೆಯುವ ತಾಣಗಳಿಗೆ ಜಾಹೀರಾತು ಕೊಡುವವರಲ್ಲಿ ಗೇಮ್ ಮಾರುವವರೇ ದೊಡ್ಡವರು. ದಿನಪತ್ರಿಕೆಗೆ ಸೋಪಿನವರು, ಸೀರೆಯವರು, ಸೈಟಿನವರು ಎಲ್ಲರೂ ಕೊಡುತ್ತಾರೆ. ಒಬ್ಬರು ಮುನಿಸಿಕೊಂಡರೆ ಇನ್ನೊಬ್ಬರು ಇರುತ್ತಾರೆ. ಗೇಮ್ ತಾಣಕ್ಕೆ ಅಷ್ಟು ಆಸರೆ ಇಲ್ಲ. ಯಾರ ಸರಕನ್ನು ತೂಗಬೇಕೋ ಅವರ ದುಡ್ಡಿನಲ್ಲೇ ತಕ್ಕಡಿ ಕೊಂಡಿರುತ್ತಾರೆ.

ಇದರ ದೊಡ್ಡ ಉದಾಹರಣೆ ಅಮೆರಿಕದ ಗೇಮ್ ತಾಣ ಗೇಮ್‌ಸ್ಪಾಟ್‌ನದು. 2007ರ ನವೆಂಬರ್‌ನಲ್ಲಿ ಈಡೋಸ್ ಕಂಪನಿಯ 'ಕೇನ್ ಅಂಡ್ ಲಿಂಚ್: ಡೆಡ್ ಮೆನ್' ಬಿಡುಗಡೆಯಾಯಿತು. ಆ ದಿನಗಳಲ್ಲಿ ಗೇಮ್‌ಸ್ಪಾಟ್ ತೆರೆದರೆ ಪುಟದ ಹಿನ್ನೆಲೆಯ ತುಂಬ ಅದೇ ಗೇಮಿನ ಜಾಹೀರಾತು. ಅದೇ ತಾಣದ ಸಂಪಾದಕ ಜೆಫ್ ಗರ್ಸ್ಟ್‌ಮನ್ ಆ ಗೇಮಿಗೆ 10ಕ್ಕೆ 6 ಅಂಕ ಕೊಟ್ಟು ಕಟುವಾಗಿ ಬರೆದರು. ನವೆಂಬರ್ ಮುಗಿಯುವುದರೊಳಗೆ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಜಾಹೀರಾತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಂಸ್ಥೆ ಹೇಳಿತು. ಒಪ್ಪಂದದ ಕಟ್ಟು ಇದ್ದದ್ದರಿಂದ ಗರ್ಸ್ಟ್‌ಮನ್ ಬಾಯಿ ಬಿಡುವ ಹಾಗಿರಲಿಲ್ಲ. ಜೊತೆಯಲ್ಲಿದ್ದ ಹಲವರು ಮುಂದಿನ ತಿಂಗಳುಗಳಲ್ಲಿ ತಾವಾಗಿಯೇ ಬಿಟ್ಟು ಬಂದರು. ಅವರಲ್ಲಿ ಕೆಲವರನ್ನು ಕೂಡಿಕೊಂಡು ಗರ್ಸ್ಟ್‌ಮನ್ 2008ರಲ್ಲಿ ಜೈಂಟ್ ಬಾಂಬ್ ಎಂಬ ಬೇರೆ ತಾಣ ಕಟ್ಟಿದರು. 2012ರ ಮಾರ್ಚ್‌ನಲ್ಲಿ ಆ ಕಟ್ಟು ಸಡಿಲವಾದ ಮೇಲಷ್ಟೇ ಅವರು ನಡೆದದ್ದನ್ನು ಹೇಳಿದ್ದು: ಕಡಿಮೆ ಅಂಕ ಬಂದಾಗ ಗೇಮ್ ಹೊರತರುವ ಪಬ್ಲಿಷರ್‌ಗಳು ಜಾಹೀರಾತು ಹಿಂದಕ್ಕೆ ಪಡೆಯುತ್ತೇವೆ ಎನ್ನುತ್ತಿದ್ದರು, ಹೊಸದಾಗಿ ಬಂದ ಆಡಳಿತದವರು ಆ ಒತ್ತಡಕ್ಕೆ ಬಗ್ಗಿದರು, ಅದಕ್ಕೆ ಮುಂಚೆಯೂ ತಮ್ಮನ್ನು ಕೋಣೆಗೆ ಕರೆದು ಮಾತಾಡಿದ್ದುಂಟು ಎಂದು. 'ರ‍್ಯಾಚೆಟ್ ಅಂಡ್ ಕ್ಲ್ಯಾಂಕ್' ಸರಣಿಯ ಒಂದು ಗೇಮಿಗೆ 7.5 ಬಂದದ್ದಕ್ಕೂ ಇಂಥ ತಕರಾರು ಆಗಿತ್ತಂತೆ. 7.5 ಕೆಟ್ಟ ಅಂಕವೇ ಅಲ್ಲ ಅನ್ನುವುದನ್ನು ಗಮನಿಸಿ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಆ 6 ಕೊನೆಯವರೆಗೂ 6 ಆಗಿಯೇ ಉಳಿಯಿತು. ಆದರೆ ಇದನ್ನು ನೋಡಿದ ಪ್ರತಿ ರಿವ್ಯೂಕಾರನ ಮನಸ್ಸಿನಲ್ಲಿ, ಮುಂದಿನ ಸಲ 6 ಎಂದು ಬರೆಯುವಾಗ, ಮನೆ ಬಾಡಿಗೆಯ ನೆನಪು ಬಂದಿರುತ್ತದೆ. ಒತ್ತಡ ಕೆಲಸ ಮಾಡುವುದೇ ಹೀಗೆ. ದುಡ್ಡು ತುಂಬಿದ ಲಕೋಟೆ ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ.

ಹಾಗಾಗಿ ನೀವು ಮಾಡಬೇಕಾದ್ದು: ಪುಟದಲ್ಲಿ ಅದೇ ಗೇಮಿನ ಜಾಹೀರಾತು ಇದ್ದರೆ ಆ ರಿವ್ಯೂವನ್ನು ತಳ್ಳಿಹಾಕಬೇಡಿ, ಅದರ ಜೊತೆ ಜಾಹೀರಾತಿಲ್ಲದೆ ನಡೆಯುವ ಇನ್ನೊಂದನ್ನು ಓದಿ. ಓದುಗರ ಚಂದಾದಿಂದ ನಡೆಯುವ ತಾಣ, ಚಾನೆಲ್‌ಗಳು ಈಗ ಬೇಕಾದಷ್ಟಿವೆ. ತಾಣದ 'ನಮ್ಮ ಬಗ್ಗೆ' ಪುಟದಲ್ಲಿ ಜಾಹೀರಾತು ನೋಡಿಕೊಳ್ಳುವವರು, ರಿವ್ಯೂ ಬರೆಯುವವರು ಬೇರೆ ಬೇರೆ ಎಂದು ಬರೆದಿದ್ದಾರಾ ನೋಡಿ. ಬರೆದರೆ ಸಾಲದು, ನಿಜ. ಬರೆಯದೇ ಇದ್ದರೆ ಇನ್ನೂ ಕಷ್ಟ.

ಎರಡನೆಯದು: ಡಿಸ್ಕ್ರಿಪ್ಷನ್ ಪೂರ್ತಿ ಬಿಡಿಸಿ

ಫೋನಿನಲ್ಲಿ ಯೂಟ್ಯೂಬ್ ನೋಡುವಾಗ ಶೀರ್ಷಿಕೆಯ ಕೆಳಗೆ ಸಣ್ಣದಾಗಿ 'ಮೋರ್' ಅಂತ ಇರುತ್ತದಲ್ಲ, ಅದನ್ನು ಒತ್ತಿ. ಬಹಳ ಜನ ಒತ್ತುವುದೇ ಇಲ್ಲ. ಒತ್ತುವುದಿಲ್ಲ ಅಂತ ಗೊತ್ತಿರುವುದರಿಂದಲೇ ಕೆಲವರು ಹೇಳಬೇಕಾದ್ದನ್ನು ಅಲ್ಲಿ ಇಡುತ್ತಾರೆ.

2014ರಲ್ಲಿ ವಾರ್ನರ್ ಬ್ರದರ್ಸ್ 'ಶ್ಯಾಡೋ ಆಫ್ ಮಾರ್ಡೋರ್' ಗೇಮಿಗಾಗಿ ಯೂಟ್ಯೂಬರ್‌ಗಳಿಗೆ ಒಂದು ಜಾಹೀರಾತು ಸಂಸ್ಥೆಯ ಮೂಲಕ ದುಡ್ಡು ಕೊಟ್ಟಿತು. ಕೆಲವರಿಗೆ ನೂರಾರು ಡಾಲರ್, ಕೆಲವರಿಗೆ ಹತ್ತಾರು ಸಾವಿರ. ಗೇಮಿನ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿಸಬೇಕು, ಬಗ್ (ದೋಷ) ಕಂಡರೆ ತೋರಿಸಬಾರದು ಎಂಬುದು ಕರಾರಿನಲ್ಲೇ ಇತ್ತು. ದುಡ್ಡು ಪಡೆದವರಲ್ಲಿ ಆಗಿನ ಕಾಲದ ಅತಿ ದೊಡ್ಡ ಯೂಟ್ಯೂಬರ್ ಪ್ಯೂಡಿಪೈ ಕೂಡ ಇದ್ದರು. ಅವರ ಒಂದೇ ವಿಡಿಯೋವನ್ನು 37 ಲಕ್ಷಕ್ಕೂ ಹೆಚ್ಚು ಸಲ ಜನ ನೋಡಿದ್ದರು. ಪ್ರಾಯೋಜನೆಯ ವಿಷಯ ಡಿಸ್ಕ್ರಿಪ್ಷನ್ ಬಿಡಿಸಿದರೆ ಮಾತ್ರ ಕಾಣುವಂತಿತ್ತು. ಇನ್ನು ಕೆಲವರು ಗೇಮ್ ಮುಂಚೆಯೇ ಸಿಕ್ಕಿತು ಎಂದಷ್ಟೇ ಹೇಳಿ ದುಡ್ಡಿನ ಮಾತು ಎತ್ತಲಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿದು, 2016ರ ಜುಲೈನಲ್ಲಿ ಕಂಪನಿಯನ್ನು ರಾಜಿ ಆದೇಶಕ್ಕೆ ಒಪ್ಪಿಸಿತು.

ನಮ್ಮ ದೇಶದಲ್ಲೂ ಇದಕ್ಕೆ ನಿಯಮ ಇದೆ ಅನ್ನುವುದು ಬಹಳ ಕನ್ನಡ ವೀಕ್ಷಕರಿಗೆ ಗೊತ್ತಿಲ್ಲ. ಜಾಹೀರಾತು ಕ್ಷೇತ್ರದವರೇ ಕಟ್ಟಿಕೊಂಡ ನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು, 2023ರ ಜನವರಿಯಲ್ಲಿ ಸರ್ಕಾರ ಅದನ್ನು ಇನ್‌ಫ್ಲುಯೆನ್ಸರ್‌ಗಳಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿತು. ಅದರ ಪ್ರಕಾರ ವಿಡಿಯೋ ಆದರೆ ವಿಷಯವನ್ನು ವಿಡಿಯೋದ ಒಳಗೇ ಹೇಳಬೇಕು, ಡಿಸ್ಕ್ರಿಪ್ಷನ್‌ನಲ್ಲಿ ಮಾತ್ರ ಬರೆದರೆ ಆಗದು. ಬಾಯಲ್ಲೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು. ಲೈವ್ ಸ್ಟ್ರೀಮ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಬಚ್ಚಿಡುವಂತಿಲ್ಲ. ದುಡ್ಡು ಮಾತ್ರವೇ ಲೆಕ್ಕಕ್ಕೆ ಬರುವುದು ಅಂದುಕೊಳ್ಳಬೇಡಿ: ಬಿಟ್ಟಿ ಸಾಮಾನು, ರಿಯಾಯಿತಿ, ಪ್ರವಾಸ, ಹೋಟೆಲು ವಾಸ ಎಲ್ಲವೂ ಸೇರುತ್ತದೆ. ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ ರೂಪಾಯಿ ತನಕ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ.

ಹಾಗಂತ 'ಪ್ರಾಯೋಜಿತ' ಎಂದು ಎದೆ ತಟ್ಟಿ ಹೇಳಿದವರ ಮೇಲೆ ಸಿಟ್ಟಾಗಬೇಡಿ. ಹೇಳಿದವರು ಮರ್ಯಾದಸ್ಥರು. ಅವರ ವಿಡಿಯೋ ನೋಡಿ, ಗೇಮ್ ಹೇಗೆ ಕಾಣುತ್ತದೆ ಎಂದು ತಿಳಿದುಕೊಳ್ಳಿ. ಕೊಳ್ಳಬೇಕೋ ಬೇಡವೋ ಅನ್ನುವ ತೀರ್ಮಾನಕ್ಕೆ ಮಾತ್ರ ಬೇರೆಯವರ ಹತ್ತಿರ ಹೋಗಿ.

ಮೂರನೆಯದು: ಯಾವ ಹೊತ್ತಿಗೆ ಬಂತು, ಯಾವ ಯಂತ್ರದಲ್ಲಿ ಆಡಿದ್ದು

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ದೊಡ್ಡ ಗೇಮುಗಳನ್ನು ಕಂಪನಿಯವರು ಬಿಡುಗಡೆಗೆ ಮುಂಚೆಯೇ ರಿವ್ಯೂಕಾರರಿಗೆ ಕಳಿಸುತ್ತಾರೆ. ಜೊತೆಗೊಂದು ಷರತ್ತು: ಇಂಥ ದಿನ, ಇಷ್ಟು ಗಂಟೆಯವರೆಗೆ ಏನೂ ಪ್ರಕಟಿಸಬಾರದು. ಇದಕ್ಕೆ ಎಂಬಾರ್ಗೋ ಎನ್ನುತ್ತಾರೆ. ಇದರಲ್ಲಿ ತಾನಾಗಿ ಕೆಟ್ಟದ್ದೇನಿಲ್ಲ. ಎಲ್ಲರಿಗೂ ಒಂದೇ ಗಡುವು ಇದ್ದರೆ ನಾ ಮುಂದು ತಾ ಮುಂದು ಎಂದು ಅರ್ಧಂಬರ್ಧ ಆಡಿ ಬರೆಯುವುದು ತಪ್ಪುತ್ತದೆ. ಕೆಡುವುದು ಗಡುವಿನ ಗಂಟೆ ಮಾರಾಟದ ಗಂಟೆಯನ್ನು ದಾಟಿದಾಗ. 2014ರ ನವೆಂಬರ್ 11ರಂದು 'ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ' ಅಮೆರಿಕದಲ್ಲಿ ಮಧ್ಯರಾತ್ರಿಗೆ ಮಾರಾಟಕ್ಕೆ ಬಂತು. ರಿವ್ಯೂಗಳಿಗೆ ಬಿಡುಗಡೆ ಸಿಕ್ಕಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಆ ಹನ್ನೆರಡು ಗಂಟೆಯಲ್ಲಿ ಕೊಂಡವರು ಕಣ್ಣು ಮುಚ್ಚಿಯೇ ಕೊಂಡರು. ಪಾತ್ರಗಳ ಮುಖದ ಚರ್ಮ ಮಾಯವಾಗಿ ಕಣ್ಣು, ಹಲ್ಲು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದ ಚಿತ್ರಗಳು ಆ ಗೇಮಿನವೇ.

ಇನ್ನೂ ದೊಡ್ಡ ಪಾಠ 2020ರ ಡಿಸೆಂಬರ್ 10ರಂದು ಬಂದ 'ಸೈಬರ್‌ಪಂಕ್ 2077'. ಬಿಡುಗಡೆಗೆ ಮುಂಚೆ ರಿವ್ಯೂಕಾರರಿಗೆ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ಮೊದಲ ರಿವ್ಯೂ ವಿಡಿಯೋಗಳಲ್ಲಿ ತಾವು ಆಡಿದ ದೃಶ್ಯ ತೋರಿಸುವಂತಿರಲಿಲ್ಲ, ಕಂಪನಿ ಕೊಟ್ಟದ್ದನ್ನೇ ಬಳಸಬೇಕಿತ್ತು. ಅಂಕಗಳು ಆಕಾಶದಲ್ಲಿದ್ದವು. ಆ ರಿವ್ಯೂಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ; ಒಳ್ಳೆಯ ಪಿಸಿಯಲ್ಲಿ ಗೇಮ್ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಾಕಿದವರಿಗೆ ಗೇಮ್ ತಡವರಿಸಿತು, ಕುಸಿದು ನಿಂತಿತು. ಒಂದೇ ವಾರದಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದು ದುಡ್ಡು ವಾಪಸು ಕೊಡಲು ಶುರು ಮಾಡಿತು. ಅದು ಮತ್ತೆ ಸೋನಿಯ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ.

ಇಂಥ ಷರತ್ತಿನ ಪತ್ರ ನನಗೂ ಒಮ್ಮೆ ಬಂದಿತ್ತು. ಸಣ್ಣ ತಾಣಕ್ಕೆ ಬರೆಯುತ್ತಿದ್ದ ಕಾಲ, ಗೇಮನ್ನು ಬಿಟ್ಟಿಯಾಗಿ ತೆರೆದು ಆಡಲು ಕಂಪನಿ ಕೊಡುವ ರಿವ್ಯೂ ಕೋಡ್ ಮೊದಲ ಸಲ ಬಂದ ಸಂಭ್ರಮ. ಪತ್ರದಲ್ಲಿ ಮೂರು ಸಾಲು: ಇಂಥ ದಿನದವರೆಗೆ ಸುದ್ದಿ ಎತ್ತಬೇಡಿ, ಎರಡನೇ ಅಧ್ಯಾಯದ ಆಚೆಯ ಯಾವುದನ್ನೂ ಪ್ರಸ್ತಾಪಿಸಬೇಡಿ, ನಾವು ಕಳಿಸಿದ ಚಿತ್ರಗಳನ್ನೇ ಹಾಕಿ. ಮೂರನ್ನೂ ಪಾಲಿಸಿದೆ. ಮೂರನೇ ಅಧ್ಯಾಯದಲ್ಲಿ ಗೇಮ್ ಸೇವ್ ಆಗದೆ ನನ್ನ ಆರು ಗಂಟೆ ಹಾಳಾಗಿತ್ತು, ಅದನ್ನು ಬರೆಯಲಿಲ್ಲ. ಹೀಗೊಂದು ಷರತ್ತು ಇತ್ತು ಅನ್ನುವುದನ್ನೂ ಬರೆಯಲಿಲ್ಲ. ಹದಿನೈದು ದಿನದ ಮೇಲೆ ಹಾಸನದ ಕಡೆಯ ಓದುಗರೊಬ್ಬರು ಕಾಗದ ಬರೆದರು: "ನಿಮ್ಮನ್ನು ನಂಬಿ ತಗೊಂಡೆ, ಮೂರನೇ ಅಧ್ಯಾಯದಲ್ಲಿ ಸೇವ್ ಆಗ್ತಿಲ್ಲ, ನಿಮಗೂ ಹಾಗೇ ಆಯಿತಾ?" ಆಯಿತು ಎಂದು ಉತ್ತರಿಸಲು ಎರಡು ದಿನ ಬೇಕಾಯಿತು. ನಾನು ಬರೆದದ್ದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಆದರೂ ಅವರ ದುಡ್ಡು ಹೋಗಿತ್ತು.

ಆದ್ದರಿಂದ ರಿವ್ಯೂ ಓದುವಾಗ ಈ ನಾಲ್ಕನ್ನು ಹುಡುಕಿ. ಯಾವ ಯಂತ್ರದಲ್ಲಿ ಆಡಿದರು? ಎಷ್ಟು ಗಂಟೆ ಆಡಿದರು, ಮುಗಿಸಿದರೇ? ಕಾಣುತ್ತಿರುವ ದೃಶ್ಯ ಅವರು ಆಡಿದ್ದೇ? ಏನನ್ನು ಹೇಳಬಾರದೆಂದು ಕಟ್ಟುಪಾಡಿತ್ತು? ಫೋನಿನ ಗೇಮುಗಳಿಗೆ ಮೊದಲ ಪ್ರಶ್ನೆ ಇನ್ನೂ ಮುಖ್ಯ. ಎಂಬತ್ತು ಸಾವಿರದ ಫೋನಿನಲ್ಲಿ ನುಣ್ಣಗೆ ಓಡುವ ಗೇಮ್ ನಿಮ್ಮ ಹನ್ನೆರಡು ಸಾವಿರದ ಫೋನಿನಲ್ಲಿ ಹತ್ತು ನಿಮಿಷಕ್ಕೆ ಕೈ ಸುಡುವಷ್ಟು ಬಿಸಿಯಾಗಬಹುದು. ಪ್ರೀ ಆರ್ಡರ್ ಮಾಡುವ ಚಪಲ ಬಿಡಿ. ಡಿಜಿಟಲ್ ಪ್ರತಿ ಖಾಲಿಯಾಗುವುದಿಲ್ಲ.

ನಾಲ್ಕನೆಯದು: ತಡವಾಗಿ ಬಂದವರನ್ನು ಹುಡುಕಿ ಓದಿ

ಬಿಡುಗಡೆಯಾಗಿ ವಾರದ ಮೇಲೆ ಬರುವ ರಿವ್ಯೂವನ್ನು ಸೋಮಾರಿಯ ಕೆಲಸ ಎಂದುಕೊಳ್ಳಬೇಡಿ. ಎಷ್ಟೋ ಸಲ ಅವರು ತಡವಾಗಲು ಕಾರಣ, ಕಂಪನಿ ಅವರಿಗೆ ಪ್ರತಿ ಕೊಡದೇ ಇದ್ದದ್ದು. 2015ರ ನವೆಂಬರ್‌ನಲ್ಲಿ ಗೇಮ್ ಸುದ್ದಿಯ ಕೊಟಾಕು ತಾಣದ ಆಗಿನ ಸಂಪಾದಕ ಸ್ಟೀಫನ್ ಟೊಟಿಲೊ, ಗೇಮ್ ಕಂಪನಿಗಳಾದ ಬೆಥೆಸ್ಡಾ ಮತ್ತು ಯುಬಿಸಾಫ್ಟ್ ತಮ್ಮನ್ನು ಬಹುಕಾಲದಿಂದ ದೂರವಿಟ್ಟಿವೆ ಎಂದು ಬಹಿರಂಗವಾಗಿ ಬರೆದರು. ಕೊಟಾಕುದವರು ಮಾಡಿದ ತಪ್ಪೆಂದರೆ, ಕಂಪನಿಗಳು ಘೋಷಿಸುವ ಮುಂಚೆಯೇ ಗೇಮುಗಳ ಸುದ್ದಿ ಪ್ರಕಟಿಸಿದ್ದು. 2011ರಲ್ಲಿ 'ಡ್ಯೂಕ್ ನ್ಯೂಕೆಮ್ ಫಾರೆವರ್' ಬಗ್ಗೆ ಕಟುವಾದ ರಿವ್ಯೂಗಳು ಬಂದಾಗ ಅದರ ಪ್ರಚಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯವರು, ಮುಂದಿನ ಸಲ ಯಾರಿಗೆ ಗೇಮ್ ಕೊಡಬೇಕು ಯಾರಿಗೆ ಬೇಡ ಎಂದು ಯೋಚಿಸುತ್ತೇವೆ ಎಂಬ ಅರ್ಥ ಬರುವಂತೆ ಟ್ವಿಟರ್‌ನಲ್ಲೇ ಬರೆದರು. ಪಬ್ಲಿಷರ್ 2ಕೆ ಅವರನ್ನು ಕೈಬಿಟ್ಟಿತು.

ಜಾಹೀರಾತು ಕೊಡದಿರುವುದು ಒಂದು ಬೆತ್ತವಾದರೆ, ಪ್ರತಿ ಕೊಡದಿರುವುದು ಇನ್ನೊಂದು. ಮೊದಲ ದಿನ ರಿವ್ಯೂ ಇಲ್ಲದಿದ್ದರೆ ತಾಣಕ್ಕೆ ಓದುಗರು ಬರುವುದಿಲ್ಲ, ಓದುಗರಿಲ್ಲದೆ ಜಾಹೀರಾತೂ ಇಲ್ಲ. ಅದಕ್ಕೇ "ಈ ಪ್ರತಿಯನ್ನು ನಮ್ಮ ದುಡ್ಡಿನಲ್ಲೇ ಕೊಂಡೆವು" ಎಂಬ ಸಾಲು ಕಂಡರೆ ಆ ರಿವ್ಯೂಕಾರರಿಗೆ ಒಂದು ಲೈಕ್, ಒಂದು ಒಳ್ಳೆಯ ಮಾತು ಕೊಡಿ.

ಐದನೆಯದು: ಅಂಕ

ಹೆಚ್ಚು ಹೇಳುವುದಿಲ್ಲ. ಮೆಟಾಕ್ರಿಟಿಕ್ ಎಂಬ ತಾಣ ಹಲವರ ಅಂಕ ಕೂಡಿಸಿ ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ. ಎಲ್ಲ ತಾಣಗಳಿಗೂ ಒಂದೇ ತೂಕ ಕೊಡುವುದಿಲ್ಲ, ಯಾರಿಗೆ ಎಷ್ಟು ಎಂದೂ ಹೇಳುವುದಿಲ್ಲ. ಆ ಒಂದು ಅಂಕದ ಮೇಲೆ ಎಷ್ಟು ಜನರ ಹೊಟ್ಟೆಪಾಡು ನಿಂತಿರಬಹುದು ಎಂಬುದಕ್ಕೆ 2010ರ 'ಫಾಲ್ಔಟ್: ನ್ಯೂ ವೇಗಸ್' ನೆನಪಾಗುತ್ತದೆ. ಅದನ್ನು ಮಾಡಿದ ಅಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು, ಬಂದದ್ದು 84 ಎಂದು ಅಲ್ಲಿದ್ದ ಕ್ರಿಸ್ ಅವೆಲ್ಲೋನ್ 2012ರಲ್ಲಿ ಹೇಳಿದರು. ಇಷ್ಟು ಭಾರ ಹೊತ್ತ ಸಂಖ್ಯೆಯ ಮೇಲೆ ಎಲ್ಲ ದಿಕ್ಕಿನಿಂದಲೂ ಕೈ ಬೀಳುವುದು ಸಹಜ. ಅಂಕ ಮುಚ್ಚಿಕೊಂಡು ಬರಹ ಓದಿ, ನೀವೇ ಎಷ್ಟು ಕೊಡುತ್ತಿದ್ದಿರಿ ಊಹಿಸಿ, ಆಮೇಲೆ ಅಂಕ ನೋಡಿ. ಬೈದದ್ದೆಲ್ಲ 7ರ ಮಟ್ಟಕ್ಕೆ ಇದ್ದು ಕೆಳಗೆ 9 ಇದ್ದರೆ ಬರಹವನ್ನು ನಂಬಿ.

ಆರನೆಯದು: ಆಡಿದ ಸಾಮಾನ್ಯರ ಮಾತು

ಪಿಸಿಯಲ್ಲಿ ಆಡುವವರಿಗೆ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಬಳಕೆದಾರರ ರಿವ್ಯೂ ದೊಡ್ಡ ಅನುಕೂಲ. ಬರೆದವರು ಎಷ್ಟು ಗಂಟೆ ಆಡಿದ್ದಾರೆಂದು ಪಕ್ಕದಲ್ಲೇ ತೋರಿಸುತ್ತದೆ. ಗೇಮ್ ಬಿಟ್ಟಿಯಾಗಿ ಸಿಕ್ಕಿದ್ದರೆ ಅದನ್ನು ಗುರುತು ಹಾಕಿ ಹೇಳಬೇಕು. 2016ರ ಸೆಪ್ಟೆಂಬರ್‌ನಿಂದ ಸ್ಟೀಮ್‌ನಲ್ಲೇ ಕೊಂಡವರ ರಿವ್ಯೂ ಮಾತ್ರ ಒಟ್ಟು ಅಂಕಕ್ಕೆ ಸೇರುತ್ತದೆ. ಕಂಪನಿಗಳು ಬಿಟ್ಟಿ ಕೋಡ್ ಹಂಚಿ ಹೊಗಳಿಸಿಕೊಳ್ಳುತ್ತಿದ್ದದ್ದಕ್ಕೆ ಹಾಕಿದ ಕಡಿವಾಣ ಅದು. ಎಲ್ಲೋ ಒಂದು ವಿವಾದಕ್ಕೆ ಸಿಟ್ಟಾಗಿ ಸಾವಿರ ಜನ ಒಂದೇ ದಿನ ಬೈದಿರುವುದೂ ಉಂಟು, ಆದ್ದರಿಂದ ಹತ್ತು ಗಂಟೆಗಿಂತ ಹೆಚ್ಚು ಆಡಿದವರ ಹೊಗಳಿಕೆ ಎರಡು, ತೆಗಳಿಕೆ ಎರಡು ಓದಿ. ಕೊಂಡ ಮೇಲೆ ಹಿಡಿಸದಿದ್ದರೆ, ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸು ಕೊಡುತ್ತದೆ. ಆ ಎರಡು ಗಂಟೆಯನ್ನು ಕಥೆ ನೋಡಲು ಕಳೆಯಬೇಡಿ, ನಿಮ್ಮ ಯಂತ್ರದಲ್ಲಿ ಹೇಗೆ ಓಡುತ್ತದೆ ನೋಡಲು ಬಳಸಿ.

ದೂರುವ ಮುಂಚೆ

ನಿಮಗೆ ಹಿಡಿಸದ ಗೇಮಿಗೆ ಒಬ್ಬರು 9 ಕೊಟ್ಟರೆ ಅವರು ದುಡ್ಡು ತಿಂದಿದ್ದಾರೆ ಅಂತ ಅರ್ಥವಲ್ಲ. 2014ರಲ್ಲಿ ಒಬ್ಬ ಗೇಮ್ ತಯಾರಕಿಗೆ ಒಬ್ಬ ಪತ್ರಕರ್ತನ ಪರಿಚಯದ ಬಲದಿಂದ ಒಳ್ಳೆಯ ರಿವ್ಯೂ ಸಿಕ್ಕಿತು ಎಂದು ಕೆಲವರು ಗುಲ್ಲೆಬ್ಬಿಸಿದರು. ಆ ಪತ್ರಕರ್ತ ಆ ಗೇಮಿನ ರಿವ್ಯೂ ಬರೆದೇ ಇರಲಿಲ್ಲ. ಪತ್ರಿಕಾ ನೀತಿಯ ಹೆಸರು ಹೇಳಿಕೊಂಡು ಆಕೆಗೂ ಇನ್ನೂ ಹಲವು ಹೆಣ್ಣುಮಕ್ಕಳಿಗೂ ತಿಂಗಳುಗಟ್ಟಲೆ ಕೊಲೆ ಬೆದರಿಕೆ ಕಳಿಸಿದರು. ಈ ವಿಷಯ ಬರೆಯುವಾಗ ಅದನ್ನು ಹೇಳದೆ ಬಿಡುವುದು ನನ್ನಿಂದಾಗದು. ಗುಮಾನಿ ಇದ್ದರೆ ಪುರಾವೆ ನೋಡಿ: ಹೇಳದೆ ಬಿಟ್ಟ ಪ್ರಾಯೋಜನೆ, ಕಂಪನಿಯ ದೃಶ್ಯ, ಅಳಿಸಿದ ಸಾಲು. ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಬರೆದಿಟ್ಟು, ಎಎಸ್‌ಸಿಐ ತಾಣದಲ್ಲಿ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಮೊದಲು ಆ ಯೂಟ್ಯೂಬರ್‌ಗೇ ಮರ್ಯಾದೆಯಿಂದ ಕೇಳಿ. ಎಷ್ಟೋ ಹುಡುಗರಿಗೆ ನಿಯಮ ಇದೆ ಅನ್ನುವುದೇ ಗೊತ್ತಿರುವುದಿಲ್ಲ, ಕೇಳಿದರೆ ಸರಿಪಡಿಸುತ್ತಾರೆ.

ನೀವೇ ಬರೆಯುವುದಾದರೆ

ಕನ್ನಡದಲ್ಲಿ ಗೇಮ್ ರಿವ್ಯೂ ಮಾಡುವವರು ಹೆಚ್ಚುತ್ತಿದ್ದಾರೆ, ನನಗೆ ಅದು ಬಹಳ ಖುಷಿಯ ಸಂಗತಿ. ಈಗ ಶುರು ಮಾಡುವವರು ಒಂದು ಅಭ್ಯಾಸ ಮಾಡಿಕೊಳ್ಳಿ: ಮೊದಲ ಮಾತಿಗೂ ಮುಂಚೆ ಗೇಮ್ ಎಲ್ಲಿಂದ ಬಂತು ಹೇಳಿ. ಒಪ್ಪಲಾಗದ ಷರತ್ತಿದ್ದರೆ ಕೋಡ್ ವಾಪಸು ಮಾಡಿ, ಒಪ್ಪಿಕೊಂಡರೆ ಷರತ್ತನ್ನೂ ಓದುಗರಿಗೆ ತಿಳಿಸಿ. ಷರತ್ತು ಇತ್ತೆಂದೂ ಹೇಳಬಾರದು ಎಂಬ ಷರತ್ತಿಗೆ ಮಾತ್ರ ಸಹಿ ಹಾಕಬೇಡಿ.

ಅಕ್ಕನ ಮಗ ಆ ಗೇಮನ್ನು ಅವತ್ತು ಕೊಳ್ಳಲಿಲ್ಲ. ಮೂರು ವಾರ ಕಾದ, ಅಷ್ಟರಲ್ಲಿ ದೋಷ ಸರಿಪಡಿಸುವ ಎರಡು ಪ್ಯಾಚ್ ಬಂದವು, ಆಮೇಲೆ ಕೊಂಡ. ಹೋದ ವಾರ ತನ್ನ ಮೊದಲ ರಿವ್ಯೂ ಬರೆದು ನನಗೆ ಕಳಿಸಿದ್ದಾನೆ. ಮೊದಲ ಸಾಲುಗಳು ಹೀಗಿವೆ:

"ಗೇಮ್ ನನ್ನ ದುಡ್ಡಲ್ಲೇ ತಗೊಂಡಿದ್ದು. ಯಾರೂ ಏನೂ ಕೊಟ್ಟಿಲ್ಲ. ನಾಲ್ಕು ವರ್ಷ ಹಳೇ ಲ್ಯಾಪ್‌ಟಾಪಲ್ಲಿ, ಗ್ರಾಫಿಕ್ಸ್ ಕಡಿಮೆ ಇಟ್ಟು, 19 ಗಂಟೆ ಆಡಿದ್ದೀನಿ, ಇನ್ನೂ ಮುಗಿದಿಲ್ಲ. ಸೇತುವೆ ಫೈಟ್ ಚೆನ್ನಾಗಿದೆ, ಆದರೆ ನನ್ನ ಲ್ಯಾಪ್‌ಟಾಪಲ್ಲಿ ಮಳೆ ಬಂದರೆ ಗೇಮ್ ನಿಧಾನ ಆಗುತ್ತೆ."